ಹಳೇ ಯಂತ್ರ, ಹಗುರ ಲಿನಕ್ಸ್: ಯಾವ ಪ್ಯಾಕೇಜ್ ಮ್ಯಾನೇಜರ್ ಆರಿಸಬೇಕು?

ಒಂದು ಜಿಬಿ ರ‍್ಯಾಮ್, ಎಂಟು ಜಿಬಿ ಕಾರ್ಡು ಇರುವ ಯಂತ್ರಕ್ಕೆ ಲಿನಕ್ಸ್ ಹಾಕಲು ಹೊರಟವರು ಯಾವ ಡೆಸ್ಕ್‌ಟಾಪ್ ಹಗುರ ಎಂದು ದಿನಗಟ್ಟಲೆ ಹುಡುಕುತ್ತಾರೆ. ಪ್ರೋಗ್ರಾಮುಗಳನ್ನು ಇಳಿಸಿ ಹಾಕುವ, ಏರಿಸುವ, ತೆಗೆಯುವ ಸಾಧನವಾದ ಪ್ಯಾಕೇಜ್ ಮ್ಯಾನೇಜರ್ ಯಾವುದೆಂದು ನೋಡುವವರು ಕಡಿಮೆ. ಆದರೆ ಡೆಸ್ಕ್‌ಟಾಪ್ ಹಿಡಿಸದಿದ್ದರೆ ಅರ್ಧ ಗಂಟೆಯಲ್ಲಿ ಬದಲಿಸಬಹುದು. ಪ್ಯಾಕೇಜ್ ಮ್ಯಾನೇಜರ್ ಹಿಡಿಸದಿದ್ದರೆ ಇಡೀ ಸಿಸ್ಟಮ್ಮನ್ನೇ ಅಳಿಸಿ ಹೊಸದಾಗಿ ಹಾಕಬೇಕು. ಅದಕ್ಕೇ ಇದನ್ನು ಮೊದಲು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಹೊಸ ಪ್ರೋಗ್ರಾಮ್ ಹಾಕುವ ವಿಷಯದಲ್ಲಿ ಪ್ಯಾಕೇಜ್ ಮ್ಯಾನೇಜರುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎಲ್ಲದರಲ್ಲೂ ಒಂದು ಸಾಲು ಟೈಪ್ ಮಾಡಿದರೆ ಮುಗಿಯಿತು. ಬಣ್ಣ ಬಯಲಾಗುವುದು ಆರು ತಿಂಗಳು ಮೂಲೆಯಲ್ಲಿ ಬಿದ್ದಿದ್ದ ಯಂತ್ರವನ್ನು ಮತ್ತೆ ಆನ್ ಮಾಡಿ ಅಪ್‌ಡೇಟ್ ಕೊಟ್ಟಾಗ. ಗಡಿಯಾರ ತಪ್ಪು ತೋರಿಸುತ್ತಿರುತ್ತದೆ, ಡಿಸ್ಕಿನಲ್ಲಿ ಮುನ್ನೂರು ಎಂಬಿ ಉಳಿದಿರುತ್ತದೆ, ಅಪ್‌ಡೇಟ್ ಅರ್ಧವಾದಾಗ ಕರೆಂಟು ಹೋಗುತ್ತದೆ. ಆ ಹೊತ್ತಿನಲ್ಲಿ ಯಾವುದು ಕೈ ಹಿಡಿಯುತ್ತದೆ, ಯಾವುದು ಕೈ ಬಿಡುತ್ತದೆ ಎಂಬುದನ್ನು ಮುಂದಿಟ್ಟುಕೊಂಡು ಈ ಹೋಲಿಕೆ.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಕ್ಯಾಪಿಟಲ್ ಅಕ್ಷರ ಬೇಕಾದ ಕಡೆ ಹಾಗೆಂದು ಹೇಳಿದೆ, ಹೇಳದಿದ್ದರೆ ಎಲ್ಲವೂ ಸ್ಮಾಲ್.

ಮೊದಲು ಯಂತ್ರದ ಕೊರತೆ ಏನೆಂದು ನೋಡಿ

ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಯಂತ್ರದ ಡಿಸ್ಕನ್ನು ಮೌಂಟ್ ಮಾಡಿ (ಸಿಸ್ಟಮ್ಮಿಗೆ ಜೋಡಿಸಿ) ನಾಲ್ಕು ಕಮಾಂಡ್ ಕೊಡಿ. ‘ಯುನೇಮ್ -ಎಂ’ ಪ್ರೊಸೆಸರ್ 32 ಬಿಟ್ಟೋ 64 ಬಿಟ್ಟೋ ಹೇಳುತ್ತದೆ (ಆ ಲೈವ್ ಯುಎಸ್‌ಬಿಯೇ 32 ಬಿಟ್ಟಿನದಾದರೆ ‘ಎಲ್‌ಎಸ್‌ಸಿಪಿಯು’ ನೋಡಿ). ‘ಫ್ರೀ -ಎಂ’ ರ‍್ಯಾಮ್ ಎಷ್ಟೆಂದು, ‘ಡಿಎಫ್ -ಎಚ್’ ಜಾಗ ಎಷ್ಟೆಂದು, ‘ಡಿಎಫ್ -ಐ’ ಐನೋಡ್ (ಒಂದೊಂದು ಫೈಲಿಗೂ ಒಂದರಂತೆ ಬೇಕಾಗುವ ದಾಖಲೆ) ಎಷ್ಟು ಉಳಿದಿವೆ ಎಂದು ತೋರಿಸುತ್ತವೆ. ಕೊನೆಯದನ್ನು ಯಾರೂ ನೋಡುವುದಿಲ್ಲ. ಸಣ್ಣ ಪಾರ್ಟಿಶನ್ನಿನಲ್ಲಿ ಸಾವಿರಾರು ಪುಟ್ಟ ಫೈಲು ಸೇರಿದರೆ ಜಾಗ ಇದ್ದರೂ ಐನೋಡ್ ಮುಗಿದು, ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂಬ ಅದೇ ತಪ್ಪು ಬರುತ್ತದೆ. ಜಾಗ ಖಾಲಿ ಮಾಡಿದರೂ ಹೋಗದ ಈ ಸಂದೇಶಕ್ಕೆ ಕಾರಣ ಬಹಳ ಸಲ ಇದೇ.

ಪ್ರೊಸೆಸರ್ 32 ಬಿಟ್ಟಿನದಾದರೆ ಆಯ್ಕೆ ತಾನಾಗಿ ಕಿರಿದಾಗುತ್ತದೆ. ಆರ್ಚ್ ಲಿನಕ್ಸ್ 2017ರಲ್ಲೇ 32 ಬಿಟ್ ಕೈಬಿಟ್ಟಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರೂ ಇಲ್ಲ, ಕರ್ನೆಲ್ಲೂ ಇಲ್ಲ. ಉಳಿಯುವುದು ಆಲ್ಪೈನ್, ವಾಯ್ಡ್ (ಪೆಂಟಿಯಮ್ 4 ಅಥವಾ ಅದಕ್ಕಿಂತ ಹೊಸದು, ಎಸ್‌ಎಸ್‌ಇ2 ಎಂಬ ಪ್ರೊಸೆಸರ್ ಸೌಲಭ್ಯ ಇರಲೇಬೇಕು), ಟೈನಿ ಕೋರ್, ಮತ್ತು ಡೆಬಿಯನ್ 12ರ ತಳಪಾಯದ ಮೇಲೆ ನಿಂತಿರುವ ಆ್ಯಂಟಿಎಕ್ಸ್ 23.

ಆಪ್ಟ್: ಭಾರ ಹೆಚ್ಚು, ಭರವಸೆಯೂ ಹೆಚ್ಚು

ಡೆಬಿಯನ್, ಆ್ಯಂಟಿಎಕ್ಸ್, ರಾಸ್ಪ್‌ಬೆರಿ ಪೈ ಓಎಸ್ ಎಲ್ಲದರಲ್ಲೂ ಇರುವುದು ಆಪ್ಟ್. ಹಗುರ ಯಂತ್ರಕ್ಕೆ ಇದು ಭಾರ ಎಂಬ ಮಾತು ನಿಜ, ಆದರೆ ಭಾರ ಎಲ್ಲಿಂದ ಬರುತ್ತದೆಂದು ತಿಳಿದರೆ ಬಹುಪಾಲು ಇಳಿಸಬಹುದು.

ಮೊದಲನೆಯ ಭಾರ ಶಿಫಾರಸು ಪ್ಯಾಕೇಜುಗಳದು. ಒಂದು ಪ್ಯಾಕೇಜಿಗೆ ಬೇಕೇಬೇಕಾದವು ಒಂದು ಪಟ್ಟಿ, ಇದ್ದರೆ ಒಳ್ಳೆಯದು ಎನ್ನುವವು ಇನ್ನೊಂದು ಪಟ್ಟಿ. ಆಪ್ಟ್ ಎರಡನ್ನೂ ತಾನಾಗಿ ಎಳೆದು ತರುತ್ತದೆ. ‘ಆಪ್ಟ್ ಇನ್‌ಸ್ಟಾಲ್ --ನೋ-ಇನ್‌ಸ್ಟಾಲ್-ರೆಕಮೆಂಡ್ಸ್’ ಎಂದರೆ ಎರಡನೆಯದು ಬರುವುದಿಲ್ಲ. ಒಳಗಿನ ಅಪಾಯ ಇದು: ‘ಡಬ್ಲ್ಯುಗೆಟ್’ ಅನ್ನು ಹೀಗೆ ಹಾಕಿದರೆ ‘ಸಿಎ-ಸರ್ಟಿಫಿಕೇಟ್ಸ್’ ಬರುವುದಿಲ್ಲ, ಏಕೆಂದರೆ ಅದು ಶಿಫಾರಸು ಪಟ್ಟಿಯಲ್ಲಿದೆ. ಆಮೇಲೆ ಎಚ್‌ಟಿಟಿಪಿಎಸ್ ತಾಣದಿಂದ ಏನು ಇಳಿಸಿಕೊಳ್ಳಲು ಹೋದರೂ ಪ್ರಮಾಣಪತ್ರ ನಂಬಲಾಗದು ಎಂದು ನಿಲ್ಲುತ್ತದೆ. ಆದ್ದರಿಂದ ಶಿಫಾರಸನ್ನು ಇಡೀ ಸಿಸ್ಟಮ್ಮಿಗೆ ಮುಚ್ಚುವ ಮುನ್ನ, ಆಪ್ಟ್ ತೋರಿಸುವ ‘ರೆಕಮೆಂಡೆಡ್ ಪ್ಯಾಕೇಜಸ್’ ಸಾಲನ್ನು ಪ್ರತಿ ಸಲ ಓದಿ, ಬೇಕಾದ ಒಂದೆರಡನ್ನು ಕೈಯಾರೆ ಸೇರಿಸಿ.

ಎರಡನೆಯ ಭಾರ ಪಟ್ಟಿಗಳದು. ‘ಆಪ್ಟ್ ಅಪ್‌ಡೇಟ್’ ಕೊಟ್ಟಾಗ ಡೆಬಿಯನ್ನಿನ ಹತ್ತಾರು ಸಾವಿರ ಪ್ಯಾಕೇಜುಗಳ ವಿವರ ಇಳಿದು, ಬಿಚ್ಚಿದಾಗ ಹತ್ತಾರು ಎಂಬಿ ಜಾಗ ಹಿಡಿಯುತ್ತದೆ. ‘/ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ’ ಒಳಗೆ ಒಂದು ಫೈಲು ಮಾಡಿ ಎರಡು ಸಾಲು ಬರೆಯಿರಿ: ‘ಅಕ್ವೈರ್::ಲ್ಯಾಂಗ್ವೇಜಸ್’ ಬೆಲೆ ‘ನನ್’, ‘ಅಕ್ವೈರ್::ಜಿಜಿಪ್‌ಇಂಡೆಕ್ಸಸ್’ ಬೆಲೆ ‘ಟ್ರೂ’. ಮೊದಲನೆಯದರಿಂದ ಅನುವಾದದ ಪಟ್ಟಿಗಳು ಇಳಿಯುವುದಿಲ್ಲ, ಎರಡನೆಯದರಿಂದ ಪಟ್ಟಿಗಳು ಕುಗ್ಗಿದ ರೂಪದಲ್ಲೇ ಡಿಸ್ಕಿನಲ್ಲಿರುತ್ತವೆ. ಹುಡುಕಾಟ ಕೊಂಚ ನಿಧಾನವಾಗುತ್ತದೆ. ಜಾಗ ಕಡಿಮೆ ಇರುವ ಕಡೆ ಅದು ಲಾಭದ ವ್ಯಾಪಾರ.

ಇಳಿಸಿದ ಪ್ಯಾಕೇಜು ಫೈಲುಗಳ ಬಗ್ಗೆ ಒಂದು ಸೂಕ್ಷ್ಮವಿದೆ. ‘ಆಪ್ಟ್’ ಎಂಬ ಕಮಾಂಡು ಕೆಲಸ ಮುಗಿದ ಮೇಲೆ ಅವನ್ನು ತಾನೇ ಅಳಿಸುತ್ತದೆ. ‘ಆಪ್ಟ್-ಗೆಟ್’ ಅಳಿಸುವುದಿಲ್ಲ. ಹಳೇ ಅಭ್ಯಾಸದಿಂದ ‘ಆಪ್ಟ್-ಗೆಟ್’ ಬಳಸುವವರ ಡಿಸ್ಕು ಸದ್ದಿಲ್ಲದೆ ತುಂಬುವುದು ಹೀಗೆ. ‘ಆಪ್ಟ್ ಕ್ಲೀನ್’ ಕೊಟ್ಟರೆ ಒಂದೇ ಏಟಿಗೆ ಖಾಲಿ.

ಮೂರನೆಯದು ನಿಧಾನ. ಎಸ್‌ಡಿ ಕಾರ್ಡಿನ ಮೇಲೆ ‘ಅನ್‌ಪ್ಯಾಕಿಂಗ್’ ಸಾಲು ತೆವಳುತ್ತಿದ್ದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಆಪ್ಟಿನ ಅಡಿಯಲ್ಲಿ ಕೆಲಸ ಮಾಡುವ ಡಿಪಿಕೆಜಿ, ಫೈಲುಗಳು ನಿಜವಾಗಿ ಕಾರ್ಡಿಗೆ ಇಳಿದವೇ ಎಂದು ಖಚಿತಪಡಿಸಿಕೊಂಡು ಮುಂದಕ್ಕೆ ಹೋಗುತ್ತದೆ. ಹೊಸ ಫೈಲನ್ನು ಬೇರೆ ಹೆಸರಿನಲ್ಲಿ ಬರೆದು, ಆಮೇಲೆ ಹಳೆಯದರ ಜಾಗಕ್ಕೆ ಸರಿಸುತ್ತದೆ. ಆ ನಿಧಾನಕ್ಕೆ ಪ್ರತಿಫಲ ಸಿಗುವುದು ಕರೆಂಟು ಹೋದಾಗ. ಮತ್ತೆ ಆನ್ ಮಾಡಿ ‘ಡಿಪಿಕೆಜಿ --ಕಾನ್ಫಿಗರ್ -ಎ’, ಅದು ಮುಗಿದ ಮೇಲೆ ‘ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಕೊಟ್ಟರೆ ಬಹುಪಾಲು ಸಂದರ್ಭಗಳಲ್ಲಿ ಅಪ್‌ಡೇಟ್ ನಿಂತಲ್ಲಿಂದ ಮುಂದುವರಿಯುತ್ತದೆ. ಇದೇ ಕ್ರಮದಲ್ಲಿ ಕೊಡಿ. ಅರ್ಧ ಬಿಚ್ಚಿದ ಪ್ಯಾಕೇಜುಗಳನ್ನು ನೇರ್ಪುಗೊಳಿಸಿದ ಮೇಲೆಯೇ ಉಳಿದ ಅವಲಂಬನೆಗಳ ಲೆಕ್ಕ ಸರಿಹೋಗುತ್ತದೆ.

ಆರು ತಿಂಗಳ ಪರೀಕ್ಷೆಯಲ್ಲಿ ಆಪ್ಟ್ ಗೆಲ್ಲುವುದು ಡೆಬಿಯನ್ನಿನ ನೀತಿಯಿಂದ. ಒಂದೇ ಬಿಡುಗಡೆಯ ಒಳಗೆ ಬರುವುದು ಬಹುಪಾಲು ಭದ್ರತೆಯ ಮತ್ತು ಮುಖ್ಯ ದೋಷಗಳ ತಿದ್ದುಪಡಿಗಳು ಮಾತ್ರ, ಆದ್ದರಿಂದ ಎಷ್ಟು ದಿನ ಬಿಟ್ಟು ಬಂದರೂ ಇಳಿಯಬೇಕಾದ್ದು ಅಲ್ಪ. ಒಂದೇ ಎಚ್ಚರಿಕೆ: ಮೂಲಗಳ ಪಟ್ಟಿಯಲ್ಲಿ ‘ಸ್ಟೇಬಲ್’ ಎಂದು ಬರೆಯದೆ ‘ಬುಕ್‌ವರ್ಮ್’, ‘ಟ್ರಿಕ್ಸಿ’ ಎಂದು ಬಿಡುಗಡೆಯ ಹೆಸರನ್ನೇ ಬರೆಯಿರಿ. ‘ಸ್ಟೇಬಲ್’ ಎಂದಿದ್ದರೆ ಹೊಸ ಬಿಡುಗಡೆ ಬಂದ ದಿನ ಅರಿವಿಲ್ಲದೆ ಇಡೀ ಸಿಸ್ಟಮ್ ಮೇಲಕ್ಕೆ ಜಿಗಿಯಲು ಹೊರಡುತ್ತದೆ, ಮೂರೇ ನೂರು ಎಂಬಿ ಉಳಿದ ಯಂತ್ರ ನಡುದಾರಿಯಲ್ಲಿ ಸಿಕ್ಕಿಬೀಳುತ್ತದೆ.

ಎಪಿಕೆ: ಅತಿ ಚಿಕ್ಕದು, ಆದರೆ ಜೊತೆಗೆ ಮಸಲ್ ಬರುತ್ತದೆ

ಆಲ್ಪೈನಿನ ಎಪಿಕೆ ಕೆಲಸ ಮಾಡುವ ವೇಗ ನೋಡಿದವರಿಗೆ ಆಪ್ಟಿಗೆ ಮರಳುವುದು ಕಷ್ಟ. ಪಟ್ಟಿಗಳು ಚಿಕ್ಕವು, ಪ್ಯಾಕೇಜುಗಳು ಚಿಕ್ಕವು. ಕೈಪಿಡಿ, ಹೆಡರ್ ಫೈಲು, ಸರ್ವಿಸ್ ಸ್ಕ್ರಿಪ್ಟು ಎಲ್ಲವನ್ನೂ ‘-ಡಾಕ್’, ‘-ಡೆವ್’, ‘-ಓಪನ್‌ಆರ್‌ಸಿ’ ಎಂಬ ಬಾಲದ ಬೇರೆ ಪ್ಯಾಕೇಜುಗಳಾಗಿ ಒಡೆದಿಟ್ಟಿರುತ್ತಾರೆ. ಹಾಗಾಗಿಯೇ ಹೊಸಬರು ‘ಮ್ಯಾನ್’ ಕೊಟ್ಟಾಗ ಏನೂ ಬರುವುದಿಲ್ಲ. ‘ಎಪಿಕೆ ಆ್ಯಡ್ ಮ್ಯಾನ್‌ಡಾಕ್ ಡಾಕ್ಸ್’ ಎಂದರೆ ಈಗ ಇರುವ, ಮುಂದೆ ಹಾಕುವ ಎಲ್ಲ ಪ್ಯಾಕೇಜುಗಳ ಕೈಪಿಡಿಯೂ ಬರುತ್ತದೆ.

ಎಪಿಕೆ ಯೋಚಿಸುವ ರೀತಿಯೇ ಬೇರೆ, ಅದನ್ನು ಹಿಡಿದುಕೊಂಡರೆ ಉಳಿದದ್ದು ಸಲೀಸು. ‘/ಇಟಿಸಿ/ಎಪಿಕೆ/ವರ್ಲ್ಡ್’ ಎಂಬ ಸಾದಾ ಪಠ್ಯದ ಫೈಲಿನಲ್ಲಿ ನೀವು ಕೇಳಿದ ಪ್ಯಾಕೇಜುಗಳ ಹೆಸರು ಮಾತ್ರ ಇರುತ್ತದೆ. ‘ಆ್ಯಡ್’ ಎಂದರೆ ಆ ಪಟ್ಟಿಗೆ ಒಂದು ಹೆಸರು ಸೇರಿಸು, ‘ಡೆಲ್’ ಎಂದರೆ ತೆಗೆ ಎಂದರ್ಥ. ಆಮೇಲೆ ಎಪಿಕೆ ಇಡೀ ಸಿಸ್ಟಮ್ಮನ್ನು ಆ ಪಟ್ಟಿಗೆ ಹೊಂದಿಸುತ್ತದೆ. ‘ಡೆಲ್’ ಕೊಟ್ಟರೂ ಪ್ಯಾಕೇಜು ಹೋಗದೆ, ‘ವರ್ಲ್ಡ್ ಅಪ್‌ಡೇಟೆಡ್, ಬಟ್ ದ ಫಾಲೋಯಿಂಗ್ ಪ್ಯಾಕೇಜಸ್ ಆರ್ ನಾಟ್ ರಿಮೂವ್ಡ್’ ಎಂದು ಬಂದರೆ ಗಾಬರಿ ಬೇಡ. ನಿಮ್ಮ ಪಟ್ಟಿಯಿಂದ ಹೆಸರು ಹೋಗಿದೆ, ಆದರೆ ಬೇರೊಂದು ಪ್ಯಾಕೇಜಿಗೆ ಅದು ಬೇಕಾಗಿದೆ. ಯಾವುದಕ್ಕೆಂದು ಕೆಳಗಿನ ಸಾಲಿನಲ್ಲೇ ಹೇಳಿರುತ್ತದೆ. ಬಿಟ್ಟುಹೋದ ಅವಲಂಬನೆಗಳನ್ನು ಗುಡಿಸಲು ಇಲ್ಲಿ ಪ್ರತ್ಯೇಕ ಕಮಾಂಡೇ ಬೇಕಿಲ್ಲ, ಪಟ್ಟಿಗೆ ಬೇಡವಾದದ್ದು ತಾನಾಗಿ ಹೋಗುತ್ತದೆ.

ಇದರ ಚೆಂದ ಕಾಣುವುದು ಏನಾದರೂ ಕಂಪೈಲ್ ಮಾಡುವಾಗ. ‘ಎಪಿಕೆ ಆ್ಯಡ್ --ವರ್ಚುವಲ್ .ಬಿಲ್ಡ್-ಡೆಪ್ಸ್ ಜಿಸಿಸಿ ಮಸಲ್-ಡೆವ್ ಮೇಕ್’ ಎಂದರೆ ಮೂರೂ ಪ್ಯಾಕೇಜುಗಳು ಒಂದೇ ಹೆಸರಿನ ಗಂಟಾಗಿ ಬರುತ್ತವೆ. ಕೆಲಸ ಮುಗಿದ ಮೇಲೆ ‘ಎಪಿಕೆ ಡೆಲ್ .ಬಿಲ್ಡ್-ಡೆಪ್ಸ್’ ಎಂದರೆ ಗಂಟು, ಅದರ ಹಿಂದೆ ಬಂದವು ಎಲ್ಲವೂ ಹೋಗಿ ಜಾಗ ಮರಳುತ್ತದೆ. ಡಿಸ್ಕು ಚಿಕ್ಕದಿರುವವರಿಗೆ ಇಷ್ಟು ಅನುಕೂಲದ ಸೌಲಭ್ಯ ಬೇರೆ ಯಾವುದರಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಈಗ ಕಷ್ಟಗಳು. ಆಲ್ಪೈನ್ ಬಳಸುವ ಸಿ ಲೈಬ್ರರಿ (ಬಹುತೇಕ ಪ್ರೋಗ್ರಾಮುಗಳು ನೆಚ್ಚುವ ಮೂಲ ಕೋಡು) ಮಸಲ್; ಹೊರಗೆ ಸಿದ್ಧವಾಗಿ ಸಿಗುವ ಬಹುತೇಕ ಪ್ರೋಗ್ರಾಮುಗಳು ಗ್ಲಿಬ್‌ಸಿ ಎಂಬ ಇನ್ನೊಂದು ಸಿ ಲೈಬ್ರರಿಗಾಗಿ ಕಟ್ಟಿದಂಥವು. ಅಂಥದೊಂದನ್ನು ಇಳಿಸಿ ಓಡಿಸಿದರೆ ಫೈಲು ಕಣ್ಣೆದುರಿಗೇ ಇದ್ದರೂ ‘ನಾಟ್ ಫೌಂಡ್’ ಎನ್ನುತ್ತದೆ. ಸಿಗದಿರುವುದು ನಿಮ್ಮ ಫೈಲಲ್ಲ, ಅದು ಹುಡುಕುತ್ತಿರುವ ಗ್ಲಿಬ್‌ಸಿಯ ಲೋಡರ್. ‘ಜಿಕಂಪ್ಯಾಟ್’ ಎಂಬ ಪ್ಯಾಕೇಜು ಹಾಕಿದರೆ ಸಣ್ಣಪುಟ್ಟವು ಓಡುತ್ತವೆ, ದೊಡ್ಡವು ಓಡುವ ಖಾತ್ರಿಯಿಲ್ಲ. ಪೈಥಾನ್ ಲೈಬ್ರರಿಗಳಲ್ಲೂ ಇದೇ ತೊಡಕು: ಮಸಲ್‌ಗಾಗಿ ಕಟ್ಟಿದ ಸಿದ್ಧ ವೀಲ್ (ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜು) ಇಲ್ಲದಿದ್ದರೆ ಪಿಪ್ ಮೂಲದಿಂದ ಕಂಪೈಲ್ ಮಾಡಲು ಕೂರುತ್ತದೆ. 512 ಎಂಬಿ ರ‍್ಯಾಮಿನಲ್ಲಿ ಅದು ಗಂಟೆಗಟ್ಟಲೆ ನಡೆದು, ಕೊನೆಗೆ ಮೆಮೊರಿ ಸಾಲದೆ ಸಾಯಬಹುದು. ಮೊದಲು ‘ಎಪಿಕೆ ಸರ್ಚ್ ಪಿವೈ3-’ ಎಂದು ಹುಡುಕಿ. ಬೇಕಾದ್ದು ಆಲ್ಪೈನಿನ ಭಂಡಾರದಲ್ಲೇ ಇದ್ದರೆ ಈ ತಾಪತ್ರಯ ತಪ್ಪುತ್ತದೆ.

ಎರಡನೆಯದು ಬೆಂಬಲದ ಅವಧಿ. ಆಲ್ಪೈನ್ ವರ್ಷಕ್ಕೆ ಎರಡು ಬಿಡುಗಡೆ ಮಾಡುತ್ತದೆ. ‘ಮೇನ್’ ಭಂಡಾರಕ್ಕೆ ಸುಮಾರು ಎರಡು ವರ್ಷ ತಿದ್ದುಪಡಿ ಬರುತ್ತದೆ, ‘ಕಮ್ಯುನಿಟಿ’ ಭಂಡಾರಕ್ಕೆ ಮುಂದಿನ ಬಿಡುಗಡೆಯವರೆಗೆ ಮಾತ್ರ. ಬ್ರೌಸರು, ಡೆಸ್ಕ್‌ಟಾಪು ಇರುವುದು ಎರಡನೆಯದರಲ್ಲಿ. ಅಂದರೆ ಆಲ್ಪೈನನ್ನು ಡೆಸ್ಕ್‌ಟಾಪಾಗಿ ಬಳಸುವವರು ಪ್ರತಿ ಆರು ತಿಂಗಳಿಗೆ ಬಿಡುಗಡೆ ಏರಿಸಲೇಬೇಕು. ಏರಿಸುವುದು ಕಷ್ಟವೇನಲ್ಲ: ‘/ಇಟಿಸಿ/ಎಪಿಕೆ/ರೆಪಾಸಿಟರೀಸ್’ ಫೈಲಿನಲ್ಲಿ ಬಿಡುಗಡೆಯ ಅಂಕಿ ಬದಲಿಸಿ, ‘ಎಪಿಕೆ ಅಪ್‌ಡೇಟ್’, ಆಮೇಲೆ ‘ಎಪಿಕೆ ಅಪ್‌ಗ್ರೇಡ್ --ಅವೈಲಬಲ್’, ‘ಸಿಂಕ್’, ಕೊನೆಗೆ ರೀಬೂಟ್. ‘--ಅವೈಲಬಲ್’ ಬಿಟ್ಟರೆ ಕೆಲವು ಪ್ಯಾಕೇಜುಗಳು ಹಳೇ ಬಿಡುಗಡೆಯಲ್ಲೇ ಉಳಿದು ಮುಂದೆ ಕಾಟ ಕೊಡುತ್ತವೆ.

ಮೂರನೆಯದು, ಪ್ಯಾಕೇಜಿನ ಆವೃತ್ತಿಯನ್ನು ಕಟ್ಟಿಹಾಕುವುದು. ಒಂದು ಬಿಡುಗಡೆಯ ಭಂಡಾರದಲ್ಲಿ ಒಂದು ಪ್ಯಾಕೇಜಿನ ಕೊನೆಯ ಆವೃತ್ತಿಯಷ್ಟೇ ಇರುತ್ತದೆ. ‘1.2.3-ಆರ್0’ ಬೇಕೆಂದು ಸ್ಕ್ರಿಪ್ಟಿನಲ್ಲಿ ಬರೆದಿಟ್ಟರೆ, ‘ಆರ್1’ ಬಂದ ದಿನ ಸ್ಕ್ರಿಪ್ಟು ಮುರಿಯುತ್ತದೆ. ‘=~1.2’ ಎಂದು ಸಡಿಲವಾಗಿ ಬರೆದರೆ ಬಾಳಿಕೆ ಬರುತ್ತದೆ.

ಅರ್ಧಕ್ಕೆ ನಿಂತ ಅಪ್‌ಡೇಟಿಗೆ ‘ಎಪಿಕೆ ಫಿಕ್ಸ್’. ಪೂರ್ತಿ ರ‍್ಯಾಮಿನಲ್ಲೇ ಓಡುವ ಡಿಸ್ಕ್‌ಲೆಸ್ ವಿಧಾನದಲ್ಲಿ ಮಾತ್ರ ಬೇರೆ ಮಾತು: ಅಲ್ಲಿ ‘ಎಲ್‌ಬಿಯು ಕಮಿಟ್’ ಕೊಡದಿದ್ದರೆ ಹಾಕಿದ್ದೆಲ್ಲ ರೀಬೂಟಿನೊಂದಿಗೆ ಮಾಯ. ಜೊತೆಗೆ ‘ಸೆಟಪ್-ಎಪಿಕೆಕ್ಯಾಶ್’ ಒಮ್ಮೆ ಓಡಿಸಿ ಕ್ಯಾಶನ್ನು (ಇಳಿಸಿದ ಪ್ಯಾಕೇಜು ಫೈಲುಗಳ ಸಂಗ್ರಹ) ಕಾರ್ಡಿನ ಮೇಲೆ ಇಟ್ಟಿರಬೇಕು, ಇಲ್ಲವಾದರೆ ನೆಟ್ ಇಲ್ಲದ ಬೂಟಿನಲ್ಲಿ ಪ್ಯಾಕೇಜುಗಳು ಎಲ್ಲಿಂದಲೂ ಸಿಗುವುದಿಲ್ಲ.

ಪ್ಯಾಕ್‌ಮ್ಯಾನ್ ಮತ್ತು ಎಕ್ಸ್‌ಬಿಪಿಎಸ್: ಒಂದೇ ದಾರಿ, ಬೇರೆ ಕಾವಲು

ಪ್ಯಾಕ್‌ಮ್ಯಾನ್ ಬಳಸುವ ಆರ್ಚ್, ಎಕ್ಸ್‌ಬಿಪಿಎಸ್ ಬಳಸುವ ವಾಯ್ಡ್ ಎರಡಕ್ಕೂ ಬಿಡುಗಡೆ ಎಂಬುದೇ ಇಲ್ಲ. ಹೊಸದು ಬಂದಂತೆ ಬರುತ್ತಲೇ ಇರುತ್ತದೆ. ಎರಡೂ ವೇಗ, ಎರಡೂ ಸ್ವಚ್ಛ. ಆದರೂ ಹಗುರ ಯಂತ್ರಕ್ಕೆ ಇವೆರಡರಲ್ಲಿ ವಾಯ್ಡ್ ವಾಸಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾರಣ ಒಂದು ಸಣ್ಣ ಘಟನಾವಳಿಯಲ್ಲಿದೆ, ಅದನ್ನು ಹತ್ತಿರದಿಂದ ನೋಡೋಣ.

ಮೂರು ತಿಂಗಳು ಅಪ್‌ಡೇಟ್ ಮಾಡದ ಆರ್ಚ್ ಯಂತ್ರದಲ್ಲಿ ಬ್ರೌಸರ್ ಹಾಕಲು ‘ಪ್ಯಾಕ್‌ಮ್ಯಾನ್ -ಎಸ್’ (ಕ್ಯಾಪಿಟಲ್) ಕೊಡುತ್ತೀರಿ. ಯಂತ್ರದಲ್ಲಿರುವ ಹಳೇ ಪಟ್ಟಿಯ ಪ್ರಕಾರ ಹಳೇ ಆವೃತ್ತಿಯ ಫೈಲನ್ನು ಕೇಳುತ್ತದೆ, ಮಿರರಿನಲ್ಲಿ (ಪ್ಯಾಕೇಜುಗಳ ನಕಲಿಟ್ಟ ಸರ್ವರ್) ಅದು ಇರುವುದಿಲ್ಲ, 404 ಬರುತ್ತದೆ. ಪಟ್ಟಿ ಹಳೆಯದಾಗಿದೆ ಎಂದು ‘-ಎಸ್‌ವೈ’ (ಎಸ್ ಕ್ಯಾಪಿಟಲ್) ಎಂದು ಮತ್ತೆ ಕೊಡುತ್ತೀರಿ. ಈಗ ಬ್ರೌಸರ್ ಬರುತ್ತದೆ, ಜೊತೆಗೆ ಅದಕ್ಕೆ ಬೇಕಾದ ಒಂದು ಲೈಬ್ರರಿಯ ಹೊಸ ಆವೃತ್ತಿಯೂ ಬರುತ್ತದೆ. ಹೊಸ ಲೈಬ್ರರಿಯ ಫೈಲಿನ ಹೆಸರಿನ ಕೊನೆಯಲ್ಲಿರುವ ಅಂಕಿ ಬದಲಾಗಿರುತ್ತದೆ. ಹಳೇ ಅಂಕಿಯನ್ನೇ ನೆಚ್ಚಿಕೊಂಡ ಹತ್ತಾರು ಪ್ರೋಗ್ರಾಮುಗಳು ಆ ಕ್ಷಣದಿಂದ ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್’ ಎಂದು ನಿಲ್ಲುತ್ತವೆ. ಅರ್ಧ ಅಪ್‌ಡೇಟ್ ಎಂದರೆ ಇದೇ. ಆರ್ಚ್ ಇದಕ್ಕೆ ಬೆಂಬಲವಿಲ್ಲ ಎಂದು ಸ್ಪಷ್ಟವಾಗಿಯೇ ಹೇಳುತ್ತದೆ. ಸರಿಯಾದ ಕ್ರಮ ಯಾವಾಗಲೂ ಒಂದೇ: ‘ಪ್ಯಾಕ್‌ಮ್ಯಾನ್ -ಎಸ್‌ವೈಯು’ (ಮೊದಲಕ್ಷರ ಕ್ಯಾಪಿಟಲ್, ಉಳಿದೆರಡು ಸ್ಮಾಲ್) ಎಂದು ಇಡೀ ಸಿಸ್ಟಮ್ಮನ್ನು ಏರಿಸಿ, ಆಮೇಲೆ ಬೇಕಾದ್ದನ್ನು ಹಾಕಿ.

ವಾಯ್ಡಿನಲ್ಲಿ ಇದೇ ತಪ್ಪು ಮಾಡಿದರೆ ಎಕ್ಸ್‌ಬಿಪಿಎಸ್ ಕೆಲಸವನ್ನೇ ಶುರು ಮಾಡುವುದಿಲ್ಲ. ಪ್ರತಿ ಪ್ಯಾಕೇಜು ಯಾವ ಲೈಬ್ರರಿ ಫೈಲುಗಳನ್ನು ಬಳಸುತ್ತದೆ ಎಂಬ ಲೆಕ್ಕ ಅದರ ಬಳಿ ಇರುತ್ತದೆ. ಒಂದು ಲೈಬ್ರರಿ ಏರಿಸಿದರೆ ಇನ್ನೊಂದು ಪ್ಯಾಕೇಜು ಮುರಿಯುವುದಾದರೆ, ‘ಬ್ರೋಕನ್, ಅನ್‌ರಿಸಾಲ್ವಬಲ್ ಶ್‌ಲಿಬ್’ ಎಂದು ಹೆಸರು ಹಿಡಿದು ಹೇಳಿ, ಒಂದು ಫೈಲನ್ನೂ ಮುಟ್ಟದೆ ನಿಲ್ಲುತ್ತದೆ. ಪರಿಹಾರ ‘ಎಕ್ಸ್‌ಬಿಪಿಎಸ್-ಇನ್‌ಸ್ಟಾಲ್ -ಎಸ್‌ಯು’ (ಎಸ್ ಕ್ಯಾಪಿಟಲ್). ಬಹಳ ದಿನ ಬಿಟ್ಟು ಬಂದಾಗ ಮೊದಲು ಎಕ್ಸ್‌ಬಿಪಿಎಸ್ಸನ್ನೇ ಏರಿಸಬೇಕು ಎನ್ನುತ್ತದೆ. ‘ಎಕ್ಸ್‌ಬಿಪಿಎಸ್-ಇನ್‌ಸ್ಟಾಲ್ -ಯು ಎಕ್ಸ್‌ಬಿಪಿಎಸ್’ ಕೊಟ್ಟು, ಮತ್ತೆ ಮೊದಲಿನ ಕಮಾಂಡಿಗೆ ಬನ್ನಿ.

ಆರ್ಚಿಗೆ ಬಹಳ ದಿನದ ಬಳಿಕ ಮರಳಿದಾಗ ಎದುರಾಗುವ ಇನ್ನೊಂದು ತಡೆ ಸಹಿಗಳದು. ಪ್ಯಾಕೇಜಿಗೆ ಸಹಿ ಹಾಕುವವರ ಕೀಲಿಗಳು ನಿಮ್ಮ ಯಂತ್ರದಲ್ಲಿ ಹಳೆಯವಾಗಿ ‘ಅನ್‌ನೋನ್ ಟ್ರಸ್ಟ್’ ಎಂದು ಇಡೀ ಅಪ್‌ಡೇಟ್ ನಿಲ್ಲುತ್ತದೆ. ಸಹಿ ಪರೀಕ್ಷೆಯನ್ನು ಆಫ್ ಮಾಡುವ ಸಲಹೆ ಎಲ್ಲಿ ಕಂಡರೂ ಕೇಳಬೇಡಿ. ‘ಪ್ಯಾಕ್‌ಮ್ಯಾನ್ -ಎಸ್‌ವೈ ಆರ್ಚ್‌ಲಿನಕ್ಸ್-ಕೀರಿಂಗ್’ ಕೊಟ್ಟು, ಉಸಿರು ಬಿಡುವ ಮುನ್ನ ‘ಪ್ಯಾಕ್‌ಮ್ಯಾನ್ -ಎಸ್‌ಯು’ (ಎರಡರಲ್ಲೂ ಎಸ್ ಕ್ಯಾಪಿಟಲ್) ಕೊಡಿ. ಅರ್ಧ ಅಪ್‌ಡೇಟ್ ಬೇಡವೆಂಬ ನಿಯಮಕ್ಕೆ ಒಪ್ಪಬಹುದಾದ ವಿನಾಯಿತಿ ಇದೊಂದೇ.

ಜಾಗದ ಲೆಕ್ಕ ಎರಡಕ್ಕೂ ದುಬಾರಿ. ಆರು ತಿಂಗಳಲ್ಲಿ ಬಹುಪಾಲು ಎಲ್ಲ ಪ್ಯಾಕೇಜುಗಳೂ ಬದಲಾಗಿರುತ್ತವೆ, ಎಲ್ಲವೂ ಮೊದಲು ಕ್ಯಾಶಿಗೆ ಇಳಿದು ಆಮೇಲೆ ಬಿಚ್ಚಿಕೊಳ್ಳುತ್ತವೆ. ಪ್ಯಾಕ್‌ಮ್ಯಾನ್ ತನ್ನ ಕ್ಯಾಶನ್ನು ತಾನಾಗಿ ಖಾಲಿ ಮಾಡುವುದಿಲ್ಲ. ‘ಪ್ಯಾಕ್‌ಮ್ಯಾನ್-ಕಾಂಟ್ರಿಬ್’ ಪ್ಯಾಕೇಜಿನ ‘ಪ್ಯಾಕ್‌ಕ್ಯಾಶ್ -ಆರ್’ ಪ್ರತಿ ಪ್ಯಾಕೇಜಿನ ಕೊನೆಯ ಮೂರು ಆವೃತ್ತಿ ಉಳಿಸುತ್ತದೆ, ‘-ಆರ್‌ಕೆ1’ ಒಂದನ್ನೇ ಉಳಿಸುತ್ತದೆ. ವಾಯ್ಡಿನಲ್ಲಿ ‘ಎಕ್ಸ್‌ಬಿಪಿಎಸ್-ರಿಮೂವ್ -ಓ’ ಅನಾಥ ಪ್ಯಾಕೇಜುಗಳನ್ನು ತೆಗೆದರೆ, ಕ್ಯಾಪಿಟಲ್ ಓ ಕ್ಯಾಶನ್ನು ಗುಡಿಸುತ್ತದೆ. ಹಳೇ ಕರ್ನೆಲ್‌ಗಳು ಮಾತ್ರ ಹಾಗೇ ಕೂತಿರುತ್ತವೆ. ‘ವಿಕೆಪರ್ಜ್ ಲಿಸ್ಟ್’ ನೋಡಿ ‘ವಿಕೆಪರ್ಜ್ ಆರ್‌ಎಂ ಆಲ್’ ಕೊಡಿ, ಈಗ ಓಡುತ್ತಿರುವುದನ್ನು ಅದು ಮುಟ್ಟುವುದಿಲ್ಲ.

ಆ ಕರ್ನೆಲ್ ರಾಶಿಗೂ ಒಂದು ಉಪಯೋಗವಿದೆ. ಆರ್ಚ್ ಕರ್ನೆಲ್ ಏರಿಸುವಾಗ ಹಳೆಯದರ ಮಾಡ್ಯೂಲುಗಳನ್ನು ತೆಗೆದುಬಿಡುತ್ತದೆ. ಅಪ್‌ಡೇಟ್ ಆದ ಮೇಲೆ ರೀಬೂಟ್ ಮಾಡದೆ ಪೆನ್‌ಡ್ರೈವ್ ಚುಚ್ಚಿದರೆ ಮೌಂಟ್ ಆಗದಿರುವುದು ಅದಕ್ಕೇ. ವಾಯ್ಡಿನಲ್ಲಿ ಹಳೆಯದು ಉಳಿದಿರುವುದರಿಂದ ಈ ತೊಂದರೆಯಿಲ್ಲ, ಹೊಸ ಕರ್ನೆಲ್ ಬೂಟ್ ಆಗದಿದ್ದರೆ ಮೆನುವಿನಲ್ಲಿ ಹಳೆಯದನ್ನು ಆರಿಸಿ ಒಳಗೆ ಹೋಗಬಹುದು.

ಕರೆಂಟು ಹೋದಾಗ: ವಾಯ್ಡಿನಲ್ಲಿ ‘ಎಕ್ಸ್‌ಬಿಪಿಎಸ್-ರಿಕಾನ್ಫಿಗರ್ -ಎ’, ಆಮೇಲೆ ‘ಎಕ್ಸ್‌ಬಿಪಿಎಸ್-ಪಿಕೆಜಿಡಿಬಿ -ಎ’ ಎಂದು ಎಲ್ಲ ಪ್ಯಾಕೇಜುಗಳ ತಪಾಸಣೆ, ಅದು ದೂರಿದವನ್ನು ‘ಎಕ್ಸ್‌ಬಿಪಿಎಸ್-ಇನ್‌ಸ್ಟಾಲ್ -ಎಫ್’ ಮೂಲಕ ಮರಳಿ ಹಾಕುವುದು. ಆರ್ಚಿನಲ್ಲಿ ಕೆಲವು ಲೈಬ್ರರಿಗಳು ಸೊನ್ನೆ ಬೈಟಿನ ಖಾಲಿ ಫೈಲುಗಳಾಗಿ ಉಳಿದು ‘ಫೈಲ್ ಟೂ ಶಾರ್ಟ್’ ಎಂದು ಪ್ಯಾಕ್‌ಮ್ಯಾನೇ ಓಡದ ಸ್ಥಿತಿ ಬರಬಹುದು. ಆಗ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಡಿಸ್ಕನ್ನು ಮೌಂಟ್ ಮಾಡಿ, ಹೊರಗಿನ ಪ್ಯಾಕ್‌ಮ್ಯಾನಿಗೆ ‘--ಸಿಸ್‌ರೂಟ್’ ಕೊಟ್ಟು ಕೆಟ್ಟ ಪ್ಯಾಕೇಜುಗಳನ್ನು ಮರಳಿ ಹಾಕಬೇಕು. ‘/ವಾರ್/ಲಿಬ್/ಪ್ಯಾಕ್‌ಮ್ಯಾನ್/ಡಿಬಿ.ಎಲ್‌ಸಿಕೆ’ ಎಂಬ ಬೀಗದ ಫೈಲು ಉಳಿದಿದ್ದರೆ, ಬೇರೆ ಪ್ಯಾಕ್‌ಮ್ಯಾನ್ ಓಡುತ್ತಿಲ್ಲವೆಂದು ನೋಡಿಕೊಂಡೇ ಅಳಿಸಿ.

ಟೈನಿ ಕೋರ್: ಕೆಡುವುದಕ್ಕೆ ಏನೂ ಇಲ್ಲ

ರ‍್ಯಾಮ್ 128 ಎಂಬಿ ಆಸುಪಾಸಿನಲ್ಲಿದ್ದರೆ ಮೇಲಿನವೆಲ್ಲ ತೊಡಕೇ. ಟೈನಿ ಕೋರ್ 46 ಎಂಬಿ ರ‍್ಯಾಮಿನಲ್ಲೂ ಏಳುತ್ತದೆ. ಇದರ ಪ್ಯಾಕೇಜು ಬಿಚ್ಚಿಕೊಳ್ಳುವುದೇ ಇಲ್ಲ; ‘.ಟಿಸಿಝಡ್’ ಎಂಬ ಒಂದೊಂದು ಫೈಲೂ ಒಂದು ಪುಟ್ಟ ಕುಗ್ಗಿಸಿದ ಡಿಸ್ಕು, ಬೂಟ್ ಆದಾಗ ಅದನ್ನು ಮೌಂಟ್ ಮಾಡಿ ಕೊಂಡಿ ಹಾಕುತ್ತದೆ, ಅಷ್ಟೇ. ‘ಟಿಸಿಇ-ಲೋಡ್ -ಡಬ್ಲ್ಯುಐ’ ಎಂದು ಹೆಸರು ಕೊಟ್ಟರೆ ಇಳಿಸಿ, ಹಾಕಿ, ಪ್ರತಿ ಬೂಟಿಗೂ ಬರುವಂತೆ ‘ಆನ್‌ಬೂಟ್.ಎಲ್‌ಎಸ್‌ಟಿ’ ಫೈಲಿಗೆ ಸೇರಿಸುತ್ತದೆ. ಇದನ್ನು ರೂಟ್ ಆಗಿ ಕೊಟ್ಟರೆ ನಿರಾಕರಿಸುತ್ತದೆ, ಸಾಮಾನ್ಯ ಬಳಕೆದಾರರಾಗಿಯೇ ಕೊಡಿ.

ಸಿಸ್ಟಮ್ ಪ್ರತಿ ಸಲ ರ‍್ಯಾಮಿನಲ್ಲಿ ಹೊಸದಾಗಿ ಹುಟ್ಟುವುದರಿಂದ ಎಷ್ಟು ಸಲ ಕರೆಂಟು ಹೋದರೂ ಮೂಲ ಫೈಲುಗಳು ಕೆಡುವುದಿಲ್ಲ. ಇಳಿಸುತ್ತಿರುವಾಗಲೇ ಕಡಿತವಾದರೆ ಆ ಒಂದು ‘.ಟಿಸಿಝಡ್’ ಅಳಿಸಿ ಮತ್ತೆ ಇಳಿಸಿದರಾಯಿತು. ಆದರೆ ‘/ಇಟಿಸಿ’ ಒಳಗೆ ನೀವು ಮಾಡಿದ ಬದಲಾವಣೆ ಉಳಿಯಬೇಕಾದರೆ ಆ ಫೈಲಿನ ದಾರಿಯನ್ನು ‘/ಓಪಿಟಿ/.ಫೈಲ್‌ಟೂಲ್.ಎಲ್‌ಎಸ್‌ಟಿ’ಯಲ್ಲಿ ಬರೆದು, ಆಫ್ ಮಾಡುವ ಮುನ್ನ ‘ಫೈಲ್‌ಟೂಲ್.ಎಸ್‌ಎಚ್ -ಬಿ’ ಕೊಡಬೇಕು. ವೈಫೈ ಪಾಸ್‌ವರ್ಡ್ ಪ್ರತಿ ಸಲ ಕೇಳುತ್ತಿದ್ದರೆ ಮರೆತಿರುವುದು ಇದನ್ನೇ.

ಕೊರತೆಗಳೂ ದೊಡ್ಡವೇ. ಇಳಿಸಿದ ಫೈಲನ್ನು ಎಂಡಿ5 ಮೊತ್ತದೊಂದಿಗೆ ಹೋಲಿಸುತ್ತದೆ. ಅದು ಹಾಳಾದ ಫೈಲನ್ನು ಹಿಡಿಯುತ್ತದೆ, ಯಾರಾದರೂ ಬೇಕೆಂದೇ ಬದಲಿಸಿದ್ದನ್ನು ಹಿಡಿಯುವಷ್ಟು ಗಟ್ಟಿಯಲ್ಲ. ಭಂಡಾರ ಚಿಕ್ಕದು. ಮುಖ್ಯ ಆವೃತ್ತಿ ಬದಲಾದರೆ ಹಳೇ ‘.ಟಿಸಿಝಡ್’ಗಳನ್ನು ಬಿಟ್ಟು ಎಲ್ಲವನ್ನೂ ಹೊಸದಾಗಿ ಇಳಿಸಬೇಕು. ಒಂದೇ ಕೆಲಸಕ್ಕೆ ಮೀಸಲಿಟ್ಟ ಯಂತ್ರಕ್ಕೆ ಇದು ಸರಿ, ಬ್ಯಾಂಕ್ ವ್ಯವಹಾರ ಮಾಡುವ ಯಂತ್ರಕ್ಕೆ ಬೇಡ.

ರೂಟರುಗಳ ಮಾತು ಇಲ್ಲೇ ಹೇಳಿಬಿಡಬಹುದು. ರೂಟರುಗಳಿಗಾಗಿಯೇ ಇರುವ ಲಿನಕ್ಸ್ ಆದ ಓಪನ್‌ಡಬ್ಲ್ಯುಆರ್‌ಟಿ 24.10ರ ಸಾಲಿನವರೆಗೆ ಓಪಿಕೆಜಿ ಎಂಬ ಪ್ಯಾಕೇಜ್ ಮ್ಯಾನೇಜರ್ ಬಳಸುತ್ತದೆ. ಅಲ್ಲಿ ಎಲ್ಲ ಪ್ಯಾಕೇಜುಗಳನ್ನು ‘ಓಪಿಕೆಜಿ ಅಪ್‌ಗ್ರೇಡ್’ ಮಾಡುವುದು ತಪ್ಪು. ಮೂಲ ಸಿಸ್ಟಮ್ ಬರೆಯಲಾಗದ ಭಾಗದಲ್ಲಿದೆ. ಏರಿಸಿದ ಪ್ಯಾಕೇಜು ಮೇಲಿನ ಪದರದಲ್ಲಿ ಕೂರುತ್ತದೆ, ಹಳೆಯದು ಕೆಳಗೆ ಹಾಗೇ ಉಳಿಯುತ್ತದೆ. 16 ಎಂಬಿ ಫ್ಲ್ಯಾಶಿನಲ್ಲಿ ಹೀಗೆ ಎರಡೆರಡು ಪ್ರತಿ ಇಡಲು ಜಾಗವೆಲ್ಲಿ? ಅಲ್ಲಿ ಇಡೀ ಇಮೇಜನ್ನೇ ಏರಿಸಬೇಕು. ಇನ್ನು ಫೆಡೋರಾದ ಡಿಎನ್‌ಎಫ್: 512 ಎಂಬಿ ಯಂತ್ರದಲ್ಲಿ ಪಟ್ಟಿ ಓದುವಾಗಲೇ ‘ಕಿಲ್ಡ್’ ಎಂದು ಸಾಯಬಹುದಾದಷ್ಟು ಮೆಮೊರಿ ಕೇಳುತ್ತದೆ. ಹಗುರ ಯಂತ್ರಕ್ಕೆ ಅದನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಯಾವುದನ್ನೇ ಹಾಕಿ, ಈ ಮೂರು ಅಡ್ಡಿ ಬರುತ್ತವೆ

ಗಡಿಯಾರ. ಮದರ್‌ಬೋರ್ಡಿನ ಬ್ಯಾಟರಿ ಸತ್ತಿದ್ದರೆ ತಾರೀಕು ವರ್ಷಗಟ್ಟಲೆ ಹಿಂದಿರುತ್ತದೆ. ಆಗ ಆಪ್ಟ್ ‘ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್’ ಎನ್ನುತ್ತದೆ, ಉಳಿದವು ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಅಥವಾ ಸಹಿಯ ತಪ್ಪು ತೋರಿಸುತ್ತವೆ. ಮಿರರ್ ಬದಲಿಸಿ ಫಲವಿಲ್ಲ. ಮೊದಲು ‘ಡೇಟ್’ ಕೊಟ್ಟು ನೋಡಿ, ತಪ್ಪಿದ್ದರೆ ‘ಡೇಟ್ -ಎಸ್’ ಮೂಲಕ ಇವತ್ತಿನ ತಾರೀಕು, ಸಮಯ ಕೊಟ್ಟು ಮತ್ತೆ ಪ್ರಯತ್ನಿಸಿ. ಬಹಳಷ್ಟು ಬೋರ್ಡುಗಳಲ್ಲಿರುವುದು ಸಿಆರ್2032 ಬಿಲ್ಲೆ, ಬದಲಿಸಿದರೆ ಕಾಟ ಮುಗಿಯಿತು.

ರ‍್ಯಾಮ್. ಕಮಾಂಡು ಬರೀ ‘ಕಿಲ್ಡ್’ ಎಂದು ನಿಂತರೆ ಮೆಮೊರಿ ಮುಗಿದಿದೆ. ‘ಡಿಡಿ’ಯಿಂದ 512 ಎಂಬಿಯ ಖಾಲಿ ಫೈಲು ಮಾಡಿ, ‘ಸಿಎಚ್‌ಮೋಡ್ 600’, ‘ಎಂಕೆಸ್ವಾಪ್’, ‘ಸ್ವಾಪ್‌ಆನ್’ ಎಂಬ ಕ್ರಮದಲ್ಲಿ ಕೊಟ್ಟು ಸ್ವಾಪ್ (ಮೆಮೊರಿಯಂತೆ ಬಳಸುವ ಡಿಸ್ಕಿನ ಜಾಗ) ಕಟ್ಟಿಕೊಂಡು ಮತ್ತೆ ಓಡಿಸಿ.

ಜಾಗ. ಅಪ್‌ಡೇಟಿನ ನಡುವೆ ಡಿಸ್ಕು ತುಂಬುವುದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ. ಆಪ್ಟ್ ಮತ್ತು ಪ್ಯಾಕ್‌ಮ್ಯಾನ್ ಮುಂದುವರಿಯುವ ಮುನ್ನ ಎಷ್ಟು ಇಳಿಯುತ್ತದೆ, ಬಿಚ್ಚಿದಾಗ ಎಷ್ಟು ಹಿಡಿಯುತ್ತದೆ ಎಂದು ತೋರಿಸುತ್ತವೆ. ಆ ಎರಡನ್ನೂ ಕೂಡಿ, ‘ಡಿಎಫ್ -ಎಚ್’ ಹೇಳುವ ಜಾಗ ಅದರ ಒಂದೂವರೆ ಪಟ್ಟು ಇಲ್ಲದಿದ್ದರೆ ‘ವೈ’ ಒತ್ತಬೇಡಿ. ‘/ಬೂಟ್’ ಬೇರೆ ಪಾರ್ಟಿಶನ್ ಆಗಿದ್ದರೆ ಅದನ್ನೂ ಬೇರೆಯಾಗಿ ನೋಡಿ. ಮುಖ್ಯ ಡಿಸ್ಕಿನಲ್ಲಿ ಜಾಗವಿದ್ದು ‘/ಬೂಟ್’ ತುಂಬಿ, ಅರ್ಧ ಬರೆದ, ಬೂಟಿನ ಮೊದಲ ಹಂತಕ್ಕೆ ಬೇಕಾದ ಇನಿಟ್‌ರ‍್ಯಾಮ್‌ಎಫ್‌ಎಸ್‌ನಿಂದ ಯಂತ್ರ ಏಳದೇ ಹೋಗುವುದುಂಟು.

ಹಾಗಾದರೆ ಯಾವುದು?

ಯಂತ್ರವನ್ನು ಅಪರೂಪಕ್ಕೆ ತೆಗೆಯುವಿರಾದರೆ, ಅಥವಾ ಬೇರೆಯವರ ಕೈಗೆ ಕೊಡುವಿರಾದರೆ, ಡೆಬಿಯನ್ ಅಥವಾ ಆ್ಯಂಟಿಎಕ್ಸ್, ನಿಧಾನವನ್ನು ಸಹಿಸಿಕೊಳ್ಳಿ. ಡೆಸ್ಕ್‌ಟಾಪ್ ಇಲ್ಲದ ಸಣ್ಣ ಸರ್ವರು, 512 ಎಂಬಿ ರ‍್ಯಾಮ್, ಹೊರಗಿನ ಸಿದ್ಧ ಪ್ರೋಗ್ರಾಮುಗಳ ಹಂಗಿಲ್ಲ ಎಂದಾದರೆ ಆಲ್ಪೈನನ್ನು ಮೀರಿಸಿದ್ದಿಲ್ಲ. ದಿನವೂ ಬಳಸುವ, ನೆಟ್ ಚೆನ್ನಾಗಿರುವ, ಹೊಸ ಆವೃತ್ತಿಗಳು ಬೇಕೆನ್ನುವ ಹಳೇ ಲ್ಯಾಪ್‌ಟಾಪಿಗೆ ಗ್ಲಿಬ್‌ಸಿಯ ವಾಯ್ಡ್. ಅದರಲ್ಲೂ ಮಸಲ್ ಆವೃತ್ತಿ ಇದೆ, ಆದರೆ ಆಲ್ಪೈನಿನ ಕಷ್ಟಗಳೇ ಅಲ್ಲೂ ಬರುತ್ತವೆ. ಆರ್ಚ್ ಬೇಕೇಬೇಕು ಎನ್ನುವವರು ವಾರಕ್ಕೊಮ್ಮೆ ಅಪ್‌ಡೇಟ್ ಮಾಡುವ ಶಿಸ್ತು ಇಟ್ಟುಕೊಳ್ಳಬೇಕು.

ಹಾಕಿ ಮುಗಿದ ದಿನವೇ ಒಂದು ಕೆಲಸ ಮಾಡಿ: ನೀವು ಕೇಳಿ ಹಾಕಿಸಿಕೊಂಡ ಪ್ಯಾಕೇಜುಗಳ ಪಟ್ಟಿಯನ್ನು ಬೇರೊಂದು ಯಂತ್ರಕ್ಕೆ ನಕಲು ಮಾಡಿಡಿ. ಆಪ್ಟಿನಲ್ಲಿ ‘ಆಪ್ಟ್-ಮಾರ್ಕ್ ಶೋಮ್ಯಾನುವಲ್’, ವಾಯ್ಡಿನಲ್ಲಿ ‘ಎಕ್ಸ್‌ಬಿಪಿಎಸ್-ಕ್ವೆರಿ -ಎಂ’, ಆರ್ಚಿನಲ್ಲಿ ‘ಪ್ಯಾಕ್‌ಮ್ಯಾನ್ -ಕ್ಯೂಕ್ಯೂಇ’ (ಮೊದಲ ಕ್ಯೂ ಕ್ಯಾಪಿಟಲ್). ಆಲ್ಪೈನಿನಲ್ಲಿ ‘ವರ್ಲ್ಡ್’ ಫೈಲು, ಟೈನಿ ಕೋರಿನಲ್ಲಿ ‘ಆನ್‌ಬೂಟ್.ಎಲ್‌ಎಸ್‌ಟಿ’ ಸಾಕು. ಇದರ ಜೊತೆ ‘/ಇಟಿಸಿ’ಯ ಒಂದು ನಕಲಿದ್ದರೆ, ಕಾರ್ಡು ಪೂರ್ತಿ ಸತ್ತರೂ ಹೊಸ ಕಾರ್ಡಿನ ಮೇಲೆ ಅದೇ ಸಿಸ್ಟಮ್ಮನ್ನು ಒಂದು ಸಂಜೆಯೊಳಗೆ ಮರಳಿ ಕಟ್ಟಬಹುದು.